‘ತೊಂದರೆಯಿಲ್ಲ’ ಎಂದು ಬರೆದ ವರದಿ

೧೯೯೬ರ ದೋಹಾ. ಅಲ್ ಮುಂತಜಾದ ಕ್ಲಿನಿಕ್ಕಿನಲ್ಲಿ ಸರದಿಗಾಗಿ ಕಾಯುತ್ತಿದ್ದ ಅರುಂಧತಿಯ ಪಕ್ಕದಲ್ಲೇ ಕನ್ನಡಿಗರ ಸಂಘದ ಕುಟುಂಬ ಕಲ್ಯಾಣ ಸಮಿತಿಯ ಇಬ್ಬರು ಕುಳಿತಿದ್ದರು.

“ನಿನ್ನೆ ವಿಚಾರಣೆಗೆ ಹೋಗಿದ್ವಲ್ಲ, ಆ ಮನೆ ಮಗು ಕೈ ಮೇಲೆ ಬರೆ ಇತ್ತಲ್ಲ ಸಾರ್?” ನಾಗಭೂಷಣ ಕೇಳಿದರು.

“ಇಸ್ತ್ರಿಪೆಟ್ಟಿಗೆ ತಗಲಿತಂತೆ. ಅವರಪ್ಪನೇ ಹೇಳಿದ್ರು,” ಎಂದರು ದೊರೆಸ್ವಾಮಿ.

“ಎರಡೂ ಕೈಗಾ?”

“ರೀ, ರಾಜ್ಯೋತ್ಸವಕ್ಕೆ ಹಾಲ್ ಕೊಡಿಸೋರು ಅವರು. ಜಗಳ ಆಡೋಕಾಗುತ್ತಾ?”

“ಮಗೂನ ಒಂದ್ಮಾತು ಕೇಳಬಹುದಿತ್ತು.”

“ಅಪ್ಪನ ಎದುರಿಗೇ ಕೇಳಿದ್ನಲ್ಲ, ಸುಮ್ನೆ ತಲೆ ಆಡಿಸ್ತು. ಖಲಾಸ್. ವರದೀಲಿ ‘ತೊಂದರೆಯಿಲ್ಲ’ ಅಂತ ಬರ್ದಿದೀನಿ, ಸೈನ್ ಹಾಕಿ.”

ನಾಗಭೂಷಣ ಸಹಿ ಹಾಕಿದರು. ಅರುಂಧತಿ ಕತ್ತು ಚಾಚಿ ಆ ಹಾಳೆಯತ್ತ ನೋಡಿದಳು.

ನರ್ಸ್ ದೊರೆಸ್ವಾಮಿಯವರ ಹೆಸರು ಕರೆದಳು. ಇಬ್ಬರೂ ಎದ್ದರು.

“ಏನೇ ಅನ್ನಿ ಸಾರ್, ಅವರ ಮನೆ ಕೇಸರಿಬಾತು ಮಾತ್ರ ಬಹಳ ಚೆನ್ನಾಗಿತ್ತು,” ಎನ್ನುತ್ತಾ ನಾಗಭೂಷಣ ಒಳಗೆ ನಡೆದರು.