ಚಂದಾ ಬೇಡ, ಜೀಪು ಕೊಡಿ

೨೦೦೬ರ ಮೇ ಮೂವತ್ತೊಂದು, ಕೊಪ್ಪದ ಬಸ್ ಸ್ಟ್ಯಾಂಡು. ನನ್ನ ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಹಿರಿಯವರದು ಬಡ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ಸಂಘವಂತೆ. ಕಿರಿಯವಳು ಅಂಥದ್ದೇ ಒಂದನ್ನು ಕಟ್ಟಲು ಹೊರಟಿದ್ದಳು.

"ವ್ಯಾನಿಗೆ ಚಂದಾ ಹೇಗೆ ಎತ್ತಿದ್ರಿ, ಜಲಜಕ್ಕ?"

"ವ್ಯಾನೇ ತಗೊಳ್ಳಲಿಲ್ಲ ಸಬೀಹಾ. ರಸೀದಿ ಪುಸ್ತಕ ಹಿಡ್ಕೊಂಡು ಎರಡು ವರ್ಷ ತಿರುಗಿ ಚಪ್ಪಲಿ ಸವೀತು, ಅಷ್ಟೆ."

"ಮತ್ತೆ?"

"ಜೀಪ್ ಇದ್ದವರ ಹತ್ರ ಹೋಗಿ, ದುಡ್ಡು ಬೇಡ, ತಿಂಗಳಿಗೆ ಒಂದು ದಿನ ಜೀಪ್ ಕೊಡಿ ಅಂದೆ. ತಾರೀಕು ಅವರೇ ಆರಿಸ್ಕೊಂಡ್ರು. ಒಬ್ಬರೂ ತಪ್ಪಿಸಲ್ಲ ಮಾರಾಯ್ತಿ!"

"ಮೂವತ್ತೊಂದು ದಿನವೂ ತುಂಬ್ತಾ?"

"ಕೊನೇದು ಖಾಲಿ ಇತ್ತು. ಚಂದಾ ಕೇಳಕ್ಕೆ ಹೋದಾಗ ನಾಯಿ ಬಿಟ್ಟಿದ್ರಲ್ಲ ಆ ಸಾಹುಕಾರ್ರು, ನನ್ನನ್ಯಾಕೆ ಕೇಳಲಿಲ್ಲ ಅಂತ ಜಗಳಕ್ಕೇ ಬಂದ್ರು."

ಎದುರಿಗೇ ಜೀಪೊಂದು ಬಂದು ನಿಂತಿತು. ಸ್ಟೀರಿಂಗ್ ಹಿಡಿದಿದ್ದ ಪಂಚೆಯ ಹಿರಿಯರು ತಲೆ ಹೊರಹಾಕಿದರು.

"ಬೇಗ ಹತ್ತಿ ಜಲಜಕ್ಕ, ಪೇಷೆಂಟು ಕಾಯ್ತಿದ್ದಾರೆ! ಇವತ್ತು ನನ್ನ ದಿನ."