ಹೆಬ್ಬೆರಳಿನ ನೀಲಿ ಜೇಡಿ

ನಗೋರಿದ್ರೆ ಈಗಲೇ ಎದ್ದು ಹೋಗಿ ಮಲಗಿ. ಇದು ನನ್ನ ದೊಡ್ಡಮ್ಮನ ಮಗಳಿಗೇ ಆಗಿದ್ದು... ನಮ್ಮಕ್ಕನಿಗೆ.

ಅಕ್ಕ ಮ್ಯೂಸಿಯಂನಲ್ಲಿ ಹಳೇ ನಾಣ್ಯ ಗುರುತಿಸಿ ದಾಖಲು ಮಾಡೋಳು. ಅವತ್ತು ಮನೆಗೆ ಹೊರಟಾಗ ಕತ್ತಲಾಗಿತ್ತು. ದಾರೀಲಿ ಒಂದು ಹಾಳುಬಾವಿ. ಬೆಳಗ್ಗೆ ಬಾಯಿ ತೆರೆದಿತ್ತು, ಈಗ ನೋಡಿದ್ರೆ ಮಣ್ಣು ತುಂಬಿಸಿ ಮಟ್ಟ ಮಾಡಿದ್ದಾರೆ! ಅಕ್ಕ ಹಾಗೇ ನಿಂತ್ಲು. ಅಡಿಯಿಂದ ಸದ್ದು... ಟಕ್... ಟಕ್... ಹಾರೆ ಕಲ್ಲಿಗೆ ತಾಗಿದ ಹಾಗೆ. ಆಮೇಲೆ ಪಿಸುಮಾತು.

"ಅಕ್ಕಾ... ನಮ್ಮಣ್ಣನಿಗೆ ಮಾತು ಕೊಟ್ಟಿದ್ರಲ್ಲ?"

ಕೊಟ್ಟಿದ್ದು ನಿಜ. ಬಾವಿ ತೋಡೋನೊಬ್ಬ ಅಕ್ಕನ ಹತ್ರ ಒಂದು ತಾಮ್ರದ ಕಾಸು ತಂದಿದ್ದ. ಅವನ ತಮ್ಮ ಆ ಬಾವೀಲಿ ಮಣ್ಣು ಕುಸಿದು ಒಳಗೇ ಉಳಿದುಹೋಗಿದ್ದ. ತಮ್ಮನ್ನ ಹುಡುಕೋಕೆ ಇಳಿದಾಗ ಸಿಕ್ಕ ಕಾಸದು. ರೋಮನ್ನರ ಕೊನೆಗಾಲದ್ದು, ಉಗುರಿನಷ್ಟಗಲ. ದೊರೆಯ ಮುಖ ಸವೆದು ಗಲ್ಲ ಮಾತ್ರ ಉಳಿದಿತ್ತು. ಪಕ್ಕದಿಂದ ಬೆಳಕು ಬಿಟ್ರೆ ಹಿಂದುಗಡೆ ಇಬ್ಬರು ಸೈನಿಕರು, ನಡುವೆ ಒಂದು ಬಾವುಟ. ಸಂದಿಗಳಲ್ಲಿ ನೀಲಿ ಜೇಡಿ. ಆ ಬಾವಿಯ ತಳ ಬಿಟ್ರೆ ಸುತ್ತ ಎಲ್ಲೂ ಇಲ್ಲದ ಮಣ್ಣು ಅದು. ಕಾಸು ಅಲ್ಲೇ ಸಿಕ್ಕಿದ್ದು ಅನ್ನೋಕೆ ಅದೊಂದೇ ಸಾಕ್ಷಿ. ಸಾಕ್ಷಿ ಇದ್ರೆ ಬಾವಿ ಮುಚ್ಚೋ ಹಾಗಿಲ್ಲ, ಪುರಾತತ್ವ ಇಲಾಖೆಯೋರೇ ತಳದ ತನಕ ಅಗೀಬೇಕು. ಅಗೆದ್ರೆ ತಮ್ಮನ ಮೂಳೆಯಾದ್ರೂ ಸಿಗುತ್ತೆ. ಅಕ್ಕ "ಅಗೆಸ್ತೀನಿ" ಅಂದಿದ್ಲು.

ತೊಳೀಬೇಡ, ಮಣ್ಣಿನ ಸಮೇತ ಫೋಟೋ ತೆಗಿ ಅಂತ ಪಕ್ಕದ ಮೇಜಿನ ಗೆಳತಿ ಕೈಗೆ ಕಾಸು ಕೊಟ್ಟಿದ್ಲು. ಒಂದೇ ಡಬ್ಬೀಲಿ ಊಟ ಮಾಡೋ ಗೆಳತಿ. ನಾಣ್ಯ ಹಿಡಿಯೋದನ್ನ ಕಲಿಸಿದ್ದೂ ಅಕ್ಕನೇ.

ಬಾವೀಲಿ ದನಿ ಕೇಳಿದ ಮರುದಿನ ಮ್ಯೂಸಿಯಂಗೆ ಓಡಿಹೋಗಿ ನೋಡಿದ್ರೆ ಕಾಸು ಫಳಫಳ ಅಂತಿದೆ. ಆ ಗೆಳತಿ ಹುಳಿ ಹಚ್ಚಿ ಹೆಬ್ಬೆರಳಲ್ಲಿ ತಿಕ್ಕಿದ್ಲು, ಮನೆಹಾಳಿ! ಸೈನಿಕರೂ ಇಲ್ಲ, ಮಣ್ಣೂ ಇಲ್ಲ.

"ಕೊಳೆ ಇತ್ತು ಕಣೇ," ಅಂದ್ಲಂತೆ, ಮುಖ ಎತ್ತಿ ನೋಡದೆ.

ಬಾವಿ ಇದ್ದ ಜಾಗದಲ್ಲಿ ಕಟ್ಟಡ ಎಬ್ಬಿಸ್ತಿರೋನು ಅವಳ ಗಂಡ. ಅಕ್ಕನಿಗೆ ಆಗಲೇ ಅದು ಗೊತ್ತಾಗಿದ್ದು.

ಅಕ್ಕ ಬಾವಿ ತೋಡೋನ ಮನೆಗೆ ಹೋದ್ಲು. ಕೈಕೊಟ್ಟಿದ್ದು ಇವಳೇ ಅಂದ್ಕೊಂಡು ಅವನು ಬಾಗಿಲು ಹಾಕ್ಕೊಂಡ. ದೆವ್ವದ ದನಿಗೆ ಅಳದ ಅಕ್ಕ ಇದನ್ನ ಹೇಳುವಾಗ ಬಿಕ್ಕಿ ಬಿಕ್ಕಿ ಅತ್ಲು.

ಮೊನ್ನೆ ಆ ಗೆಳತಿ ನನಗೆ ಒಂದು ಕಡೆ ಎದುರಾದ್ಲು. ಟೀ ಲೋಟ ಹಿಡಿದಿದ್ಲು. ಹೆಬ್ಬೆರಳಿನ ಸುತ್ತ ಚರ್ಮ ಕಿತ್ತುಹೋಗಿತ್ತು, ಬ್ರಶ್ಶಲ್ಲಿ ತಿಕ್ಕಿ ತಿಕ್ಕಿ... ಉಗುರಿನ ಅಡಿಯಲ್ಲಿ ನೀಲಿ ಜೇಡಿ. ಯಾರೋ ಹೇಳಿದ್ದಲ್ಲ, ನಾನೇ ಕಣ್ಣಾರೆ ನೋಡಿದ್ದು. ಬಾವಿ ಮುಚ್ಚಿ ವರ್ಷವಾಯ್ತು. ಮಣ್ಣು ಇನ್ನೂ ಹಸಿ ಇತ್ತು.