ಹಳೇ ಊರಲ್ಲಿ ನಿಂತ ಪಂಖಾ

ಹಳೇ ಊರಿನ ಬಾವಿ ದಾಟುವಾಗ ನಾವು ಮಾತಾಡುವುದಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ. ಬಾವಿ ಬಂತು ಅನ್ನುವಷ್ಟರಲ್ಲಿ ಬಾಯಿ ತಾನೇ ಮುಚ್ಚುತ್ತದೆ... ಆಲದ ಮರ ದಾಟಿದ ಮೇಲೆ ತೆರೆಯುತ್ತದೆ.

ತೊಂಬತ್ತಮೂರರ ಭೂಕಂಪದಲ್ಲಿ ಬಿದ್ದ ಊರು ಅದು, ಸಾಸ್ತೂರಿನಿಂದ ಸ್ವಲ್ಪ ಒಳಗೆ. ಉಳಿದವರಿಗೆ ದಿನ್ನೆಯ ಮೇಲೆ ಸಿಮೆಂಟಿನ ಹೊಸ ಊರು ಕಟ್ಟಿಕೊಟ್ಟರು. ಹೊಲಗಳು ಮಾತ್ರ ಹಳೇ ಕಡೆಯೇ ಉಳಿದವು. ದಿನಾ ಹೋಗಲೇಬೇಕು, ದಿನಾ ದಾಟಲೇಬೇಕು.

ನಮ್ಮ ದೊಡ್ಡಪ್ಪನ ಮಗ ಬಾಲಾಜಿ ಅಣ್ಣ ಒಂದು ರಾತ್ರಿ ಹಾಗೇ ದಾಟುತ್ತಿದ್ದ. ಜೊತೆಗೆ ಅವನ ಹೆಂಡತಿ ವಿಜಯಶ್ರೀ ವೈನಿ. ಸೋಯಾಬೀನ್ ರಾಶಿಯ ಮೇಲೆ ತಾಡಪತ್ರಿ ಮುಚ್ಚಿ ಹೊರಡುವಷ್ಟರಲ್ಲಿ ತಡವಾಗಿತ್ತು. ಚಪ್ಪಲಿಯ ಚರಕ್... ಚರಕ್... ಬೇರೆ ಸದ್ದಿಲ್ಲ.

ಬಾವಿಯ ಹತ್ತಿರ ವೈನಿ ನಿಂತಳು. ಮಾತಾಡಿಬಿಟ್ಟಳು.

"ಏನ್ರಿ... ಕಣ್ಣ ತಾವೇ ಮುಚ್ಚಲತ್ತಾವ."

"ನಿದ್ದಿ ಬಂದದ. ನಡಿ."

"ನಿದ್ದಿ ಅಲ್ರಿ. ರೆಪ್ಪಿ ಎತ್ತಲಾಕ ಬರವಲ್ದು."

ಅಣ್ಣ ಮೊಬೈಲಿನ ಬೆಳಕು ಹಿಡಿದ. "ಹೊಲದಾಗ ಏನರ ಕಡೀತೇನು?"

"ಇಲ್ಲ... ಸಂಜಿಗಿ ಕಾಲಿಗಿ ಮುಳ್ಳ ಚುಚ್ಚಿತ್ತು. ಅಷ್ಟೇ."

ಹಿಮ್ಮಡಿಯ ಮೇಲೆ ಎರಡು ಚುಕ್ಕೆ. ಮಣ್ಯಾರ, ಅಂದರೆ ಕಟ್ಟುಹಾವು, ಕಡಿದರೆ ನೋವಾಗುವುದಿಲ್ಲ. ಮೊದಲು ರೆಪ್ಪೆ ಹೋಗುತ್ತದೆ, ಆಮೇಲೆ ನಾಲಗೆ, ಆಮೇಲೆ ಉಸಿರು. ನಮ್ಮ ಕಡೆ ಮಕ್ಕಳಿಗೂ ಗೊತ್ತು. ಉಮರ್ಗಾದ ದವಾಖಾನೆಯಲ್ಲಿ ಇಂಜೆಕ್ಷನ್ ಇದೆ. ಅಲ್ಲಿಗೆ ಮುಟ್ಟಬೇಕು, ಅಷ್ಟೇ.

ಅಣ್ಣ ವೀರಭದ್ರ ಕಾಕಾಗೆ ಫೋನು ಹಚ್ಚಿದ. ಊರಲ್ಲಿ ಬಾಡಿಗೆಗೆ ಗಾಡಿ ಓಡಿಸುವವನು ಅವನೊಬ್ಬನೇ. ಫೋನು ಎತ್ತಿದ. ಹೊರಟೆ ಅಂದ.

ಆ ಗಾಡಿಯದೊಂದು ರೋಗ ಇತ್ತು. ರೇಡಿಯೇಟರಿನ ಪಂಖಾ ಹಳೇ ಊರಿನ ಹತ್ತಿರ ಬಂದರೆ ನಿಂತುಬಿಡುತ್ತದೆ, ಎಂಜಿನ್ ಕಾಯುತ್ತದೆ ಅಂತ ಕಾಕಾ ಗೋಳಾಡುತ್ತಿದ್ದ. ಬಾಲಾಜಿ ಅಣ್ಣನದು ಉಮರ್ಗಾದಲ್ಲಿ ಗಾಡಿಗಳ ಕರೆಂಟಿನ ಕೆಲಸದ ಅಂಗಡಿ. ಅವನು ಬಿಚ್ಚಿ ನೋಡಿದರೆ ಏನೂ ಸಿಗುತ್ತಿರಲಿಲ್ಲ.

"ನನ್ನ ಅಂಗಡ್ಯಾಗ ಬಂದ್ರ ನಿನ್ನ ಗಾಡಿ ಹೊಸಾ ಸೊಸಿ ಹಂಗ ಶಾಣ್ಯಾ ಆಗ್ತದ ನೋಡು ಕಾಕಾ."

"ನನ್ನ ಕೈಗಿ ಬಂದ್ರ ಅತ್ತಿ ಆಗ್ತದಲ್ಲೋ."

ಹಾಗೆ ನಕ್ಕೊಂಡಿದ್ದರು.

ಗಾಡಿ ಬಂತು. ವೈನಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಆಲದ ಮರದ ತನಕ ಹೋಯಿತು. ಅಲ್ಲಿ ಸುಸ್ಸ್... ಅಂತ ಬಾನೆಟ್ಟಿನ ಸಂದಿಯಿಂದ ಹೊಗೆ. ಎಂಜಿನ್ ಕಾವು ತೋರಿಸುವ ಸೂಜಿ ಕೆಂಪಿಗೆ ಹೋಗಿ ನಿಂತಿತ್ತು. ಪಂಖಾ ತಿರುಗುತ್ತಿರಲಿಲ್ಲ.

"ನಾ ಡಾಂಬರ್ ರೋಡಿಗಿ ಓಡ್ತೀನಿ," ಅಂದ ಕಾಕಾ. "ಲಾರಿ ಗೀರಿ ಸಿಕ್ರ ಕರ್ಕೊಂಡ ಬರ್ತೀನಿ. ನೀ ಇದನ್ನ ನೋಡು."

ಕಾಕಾನ ಹೆಜ್ಜೆ ಸದ್ದು ದೂರವಾಯಿತು... ನಿಂತಿತು.

ಅಣ್ಣ ವೈನಿಯ ಕೆನ್ನೆ ತಟ್ಟಿದ. "ಮಲಗಬ್ಯಾಡ. ಏನರ ಆದ್ರ ಕರಿ. ನಾ ಇಲ್ಲೇ ಮುಂದ ಇರ್ತೀನಿ."

"ಹ್ಞೂಂ," ಅಂದಳು. ನಾಲಗೆ ದಪ್ಪಗಾಗಿತ್ತು.

ಹಿಂದಿನ ಸಲ ರಿಪೇರಿಗೆ ತಂದಿದ್ದ ಅವನ ಸಾಮಾನಿನ ಚೀಲ ಕಾಕಾನ ಗಾಡಿಯಲ್ಲೇ ಉಳಿದಿತ್ತು. ಫ್ಯೂಸ್ ತೆಗೆದು ನೋಡಿದ. ಚಲೋ ಇತ್ತು. ಕೀ ತಿರುಗಿಸಿದ. ಪಂಖಾಕ್ಕೆ ಕರೆಂಟು ಬಿಡುವ ರಿಲೇ ಟಿಕ್ ಅಂತು. ಅಂದರೆ ಅದು ಕೆಲಸ ಮಾಡುತ್ತಿದೆ. ಮೋಟರಿನ ಪ್ಲಗ್ ಬಿಚ್ಚಿ ಟೆಸ್ಟ್ ಲ್ಯಾಂಪ್ ಹಿಡಿದ. ದೀಪ ಹತ್ತಿತು. ಅಂದರೆ ತಂತಿಯಲ್ಲೂ ದೋಷ ಇಲ್ಲ. ಬ್ಯಾಟರಿಯಿಂದಲೇ ಮೋಟರಿಗೆ ವೈರು ಕೊಟ್ಟ. ಕಿಡಿ ಹಾರಲಿಲ್ಲ... ಪಂಖಾವೂ ಅಲುಗಲಿಲ್ಲ. ಬೆರಳಿನಿಂದ ನೂಕಿದರೆ ಹಗುರಾಗಿ ತಿರುಗಿತು.

ಉಳಿದದ್ದು ಒಂದೇ. ಮೋಟರಿನ ಒಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು ಸಿಕ್ಕಿಕೊಂಡಿರಬೇಕು. ಅದಕ್ಕೆ ಎಲ್ಲ ಮಿಸ್ತ್ರಿಗಳೂ ಮಾಡುವುದು ಒಂದೇ ಉಪಾಯ. ನಟ್ಟು ಬಿಚ್ಚುವ ಪಾನಾ ತಗೊಂಡು ಮೋಟರಿನ ಬೆನ್ನಿಗೆ ಮೆಲ್ಲಗೆ ಬಡಿಯುವುದು.

ಬಡಿದ. ಟಕ್... ಟಕ್... ಟಕ್.

ಸುಮ್ಮನೆ ಕಾದ.

ಟಕ್... ಟಕ್... ಟಕ್.

ಅದು ಅವನು ಬಡಿದದ್ದಲ್ಲ.

ರಿಲೇ ಕುಣಿಯುತ್ತಿದೆ ಅಂದುಕೊಂಡ. ಕೀ ಆಫ್ ಮಾಡಿದ. ರಿಲೇಯನ್ನು ಕಿತ್ತು ಕೈಯಲ್ಲಿ ಹಿಡಿದ. ಬ್ಯಾಟರಿಯಿಂದ ಮೋಟರಿಗೆ ಕೊಟ್ಟಿದ್ದ ವೈರನ್ನೂ ಬಿಚ್ಚಿ ಎಸೆದ. ಈಗ ಸದ್ದು ಮಾಡುವಂಥದ್ದು ಗಾಡಿಯಲ್ಲಿ ಏನೂ ಇಲ್ಲ. ಇನ್ನೊಂದು ಸಲ ಬಡಿದ.

ಉತ್ತರ ಬಂತು. ಮೂರು. ಮೆತ್ತಗೆ... ಎಲ್ಲೋ ಕೆಳಗಿನಿಂದ ಬಂದ ಹಾಗೆ.

ಇಲ್ಲಿ ನಿಮಗೊಂದು ಮಾತು ಹೇಳಬೇಕು. ಭೂಕಂಪ ಆದಾಗ ಅಣ್ಣ ಶಾಲೆಯ ಎರಡನೇ ಇಯತ್ತೆಯಲ್ಲಿದ್ದ. ಅವನ ತಾಯಿ, ನಮ್ಮ ಗಿರಿಜಾಬಾಯಿ ದೊಡ್ಡವ್ವ, ಬಿದ್ದ ಮನೆಯ ಕೆಳಗೆ ಉಳಿದಳು. ಬದುಕಿದ್ದಳು. ಮಿಲಿಟರಿಯವರು ಬಂದು ಎಲ್ಲರನ್ನೂ ಸುಮ್ಮನಿರಿಸಿದರು. ಗಾಡಿ ಬಂದ್ ಮಾಡಿಸಿದರು. ಅಳುವವರ ಬಾಯಿಗೆ ಕೈ ಇಟ್ಟರು. ಆಗ ಒಳಗಿನಿಂದ ಸದ್ದು ಕೇಳಿತು. ಬಡಿಯುತ್ತಿದ್ದಳು. ಹುಡುಗನ ಕೈಗೆ ಕಲ್ಲು ಕೊಟ್ಟು, ನೀನೂ ಬಡಿ, ಮಗ ಇದ್ದಾನೆ ಅಂತ ಆಕಿಗೆ ತಿಳಿಯಲಿ ಅಂದರು. ರಾತ್ರಿಯೆಲ್ಲ ಬಡಿದ. ಉತ್ತರ ಬರುತ್ತಿತ್ತು. ಬೆಳಗಾದ ಮೇಲೆ ಕಲ್ಲು ಎತ್ತುವ ಯಂತ್ರ ಬಂತು. ಅದು ಗುಂಯ್ ಅಂತ ಶುರುವಾಯಿತು... ಒಳಗಿನ ಸದ್ದು ಆಮೇಲೆ ಬರಲೇ ಇಲ್ಲ.

ಅದೇ ಜಾಗ. ಅವರ ಮನೆ ಇದ್ದದ್ದು ಇದೇ ಆಲದ ಮರದ ಹತ್ತಿರ.

ಅಣ್ಣ ರೇಡಿಯೇಟರಿನ ಮುಂದೆ ಮೊಳಕಾಲೂರಿ ಕೂತ. ಬಡಿದ. ಉತ್ತರ ಬಂತು. ಬಡಿದ. ಬಂತು.

"ಅವ್ವಾ," ಅಂದ, ಪಿಸುಮಾತಿನಲ್ಲಿ. "ಇಲ್ಲೇ ಇದ್ದೀನಿ ಅವ್ವಾ. ಕೇಳಲತ್ತದ ನನಗ."

ಎಷ್ಟು ಹೊತ್ತು ಹಾಗೆ ಕೂತನೋ ಅವನಿಗೇ ತಿಳಿಯದು. ಸದ್ದು ಎರಡಕ್ಕೆ ಇಳಿಯಿತು... ಆಮೇಲೆ ಒಂದು... ಉಗುರು ಕೆರೆದ ಹಾಗೆ ಕರ್ರ್ ಅಂತ ಇನ್ನೊಂದು. ನಿಂತಿತು.

ಆಗ ಪಂಖಾ ತಿರುಗಿತು.

ಗುಂಯ್ಯ್... ಬಿಸಿ ಗಾಳಿ ಅವನ ಮುಖಕ್ಕೆ ಬಡಿಯಿತು. ಕೀ ಆಫ್. ವೈರು ನೆಲದ ಮೇಲೆ.

ಕಾಕಾ ಏದುಸಿರು ಬಿಡುತ್ತ ಓಡಿ ಬಂದ. ಲಾರಿ ಸಿಕ್ಕಿರಲಿಲ್ಲ. ಪಂಖಾದ ಸದ್ದು ಕೇಳಿ ಹಿಗ್ಗಿದ. "ಆತಲ್ಲೋ ಬಾಲಾಜಿ, ಏನಿತ್ತು?"

ಅಣ್ಣ ಅಂಗೈ ಬಿಚ್ಚಿದ. ರಿಲೇ ಅಲ್ಲಿತ್ತು. ಕಾಕಾ ಅದನ್ನು ನೋಡಿದ, ತಿರುಗುವ ಪಂಖಾ ನೋಡಿದ. ಬಾವಿಯ ನೀರು ತಂದು ರೇಡಿಯೇಟರಿಗೆ ಸುರಿದ.

ಅಣ್ಣ ಹಿಂದಿನ ಬಾಗಿಲು ತೆಗೆದ. ವೈನಿ ಬಾಗಿಲಿಗೆ ಒರಗಿಕೊಂಡಿದ್ದಳು. ತೆಗೆದ ಕೂಡಲೇ ಅವಳ ಬಲಗೈ ಹೊರಗೆ ಜೋತುಬಿತ್ತು.

ಉಮರ್ಗಾದ ತನಕ ಸೂಜಿ ಮೇಲೇರಲಿಲ್ಲ. ದವಾಖಾನೆಯಲ್ಲಿ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ತಡ ಆಯಿತು ಅಂದರು. ಅಷ್ಟೇ.

ಅಣ್ಣ ಈಗ ಅಂಗಡಿ ತೆಗೆಯುವುದಿಲ್ಲ. ಹಳೇ ಊರಿನ ದೆವ್ವ ಅಂತ ಯಾರಾದರೂ ಶುರುಮಾಡಿದರೆ ತಲೆ ಅಲ್ಲಾಡಿಸುತ್ತಾನೆ.

"ದೆವ್ವ ಎಲ್ಲೀದು. ಹಿಂದ ಮಲಗಿದ್ದಾಕೀನೇ ಬಡಿದ್ಲು. ಬಾಯಿ ಹೋಗಿತ್ತು, ಬಾಗಿಲಾ ಬಡಿದು ನನಗ ಕರದ್ಲು. ನಾ ಅವ್ವ ಅಂತ ತಿಳದು... ಮುಂದ ಕೂತು ಬಡಕೋತ ಇದ್ದೆ. ನಾ ಬಡಿದಂಗೆಲ್ಲಾ, ಬರ್ತಾನ ಅಂತ ತಿಳಕೊಂಡಿರಬೇಕು ಆಕಿ."

ಇದನ್ನು ಅವನು ಎಲ್ಲರಿಗೂ ಒಂದೇ ದನಿಯಲ್ಲಿ ಹೇಳುತ್ತಾನೆ. ಕೇಳಿದವರು ಎದ್ದು ಹೋಗುತ್ತಾರೆ.

ಅವನು ಹೇಳುವುದೇ ಸರಿ ಇರಬಹುದು. ಪಂಖಾ ಹೇಗೆ ತಿರುಗಿತು ಅಂತ ನಾನು ಕೇಳಿಲ್ಲ. ಕೇಳುವ ಧೈರ್ಯವೂ ಇಲ್ಲ.

ಆದರೆ ಮರುದಿನ ವೈನಿಗೆ ಸ್ನಾನ ಮಾಡಿಸುವಾಗ ನೀರು ಹಾಕಿದವಳು ನಾನು. ಅವಳ ಕೈ ತೊಳೆದವಳು ನಮ್ಮ ಚಿಕ್ಕಪ್ಪನ ಹೆಂಡತಿ ಕುಸುಮಬಾಯಿ ಕಾಕು. ಬಲಗೈಯ ಗೆಣ್ಣುಗಳು ಸುಲಿದಿದ್ದವು. ಸುಲಿದಲ್ಲೆಲ್ಲ, ಉಗುರುಗಳ ಸಂದಿಯಲ್ಲೂ, ಬಿಳಿ ಮಣ್ಣು ತುಂಬಿತ್ತು. ನಮ್ಮ ಹೊಲದ್ದು ಕರಿ ಮಣ್ಣು. ಬಿಳಿ ಮಣ್ಣನ್ನು ಹಿಂದಿನವರು ಹಳೇ ಊರಿನ ಮನೆಗಳ ಮಾಳಿಗೆಗೆ ಹಾಕುತ್ತಿದ್ದರಂತೆ; ಭೂಕಂಪದಲ್ಲಿ ಜನರ ಮೇಲೆ ಕುಸಿದದ್ದು ಅದೇ. ಹೊಸ ಊರಲ್ಲಿ ಒಂದು ಮುಷ್ಟಿಯೂ ಇಲ್ಲ.

ಕಾಕು ಅದನ್ನು ನೋಡಿದಳು. ನನ್ನನ್ನೂ ನೋಡಿದಳು.

"ನೀರ ಹಾಕು," ಅಂದಳು.

ನಾನು ಹಾಕಿದೆ. ಇದು ಯಾರೋ ಹೇಳಿದ್ದಲ್ಲ... ನನ್ನ ಕಣ್ಣಾರೆ ಕಂಡದ್ದು. ಬಚ್ಚಲಿನ ನೀರು ಬಹಳ ಹೊತ್ತು ಬೆಳ್ಳಗೇ ಹರಿಯಿತು.